ಬಲಕ್ಕೆ ಗಿಡ್ಡ, ಎಡಕ್ಕೆ ಉದ್ದ

ಕಾಕಾ ನಮಗೆ ಕರಾಟೆ ಕಲಿಸಿದ ಜಾಗವನ್ನು ಅಂಗಳ ಅನ್ನುವಂತಿರಲಿಲ್ಲ. ದಿಲ್‌ಸುಖ್‌ನಗರದಲ್ಲಿ ಅವರ ಮನೆಗೂ ಕಂಪೌಂಡ್ ಗೋಡೆಗೂ ನಡುವೆ ಉಳಿದುಕೊಂಡ ಒಂದು ಸಂದಿ ಅದು. ಇಬ್ಬರು ಅಕ್ಕಪಕ್ಕ ನಡೆದರೆ ಒಬ್ಬರ ಭುಜ ಗೋಡೆಗೆ ಉಜ್ಜುತ್ತಿತ್ತು. ಒಂದು ತುದಿಗೆ ಸಿಮೆಂಟಿನ ನೀರಿನ ತೊಟ್ಟಿ, ಇನ್ನೊಂದು ತುದಿಗೆ ಬೀದಿಯ ಕಡೆ ತೆರೆಯುವ ಕಬ್ಬಿಣದ ಗೇಟು. ತೊಟ್ಟಿಯ ಪಕ್ಕದಲ್ಲೇ ಅಡುಗೆಮನೆಯ ಕಿಟಕಿ. ಕಾಕಾ ಅವರ ಹೆಂಡತಿ ಕಾಕೂ ಒಗ್ಗರಣೆ ಹಾಕಿದರೆ ನಾವು ಹೊರಗೆ ಕೆಮ್ಮುತ್ತ ಗುದ್ದುತ್ತಿದ್ದೆವು.

ಕಾಕಾ ಅಂದರೆ ರಕ್ತಸಂಬಂಧದ ಕಾಕಾ ಅಲ್ಲ. ನಮ್ಮಪ್ಪನ ಜೊತೆ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು, ವಿಜಾಪುರದ ಕಡೆಯವರು. ಮದುವೆಗೆ ಮುಂಚೆ ಮುಂಬೈಯಲ್ಲಿದ್ದಾಗ, ಓಕಿನಾವಾಕ್ಕೆ ಹೋಗಿ ಕಲಿತು ಬಂದಿದ್ದ ಒಬ್ಬ ಗುರುವಿನ ಹತ್ತಿರ ಹಳೆಯ ಪದ್ಧತಿಯ ಕರಾಟೆ ಕಲಿತಿದ್ದರು. ಅದರಲ್ಲಿ ಪದಕ ಇಲ್ಲ, ಅಂಕ ಇಲ್ಲ. ಮೊದಲು ಕಲಿಸುವ ಕಟಾಕ್ಕೆ ನೈಹಾಂಚಿ ಎಂದು ಹೆಸರು. ಕಟಾ ಎಂದರೆ ಎದುರಾಳಿ ಇಲ್ಲದೆ ಒಬ್ಬರೇ ಮಾಡುವ ಚಲನೆಗಳ ಸರಣಿ. ನೈಹಾಂಚಿಯಲ್ಲಿ ಮುಂದೆ ಹೋಗುವುದಿಲ್ಲ, ಹಿಂದೆ ಬರುವುದಿಲ್ಲ. ಏಡಿಯ ಹಾಗೆ ಬರೀ ಅಡ್ಡಡ್ಡ. ಬಲಕ್ಕೆ ಮಾಡಿದ್ದನ್ನೇ ಆಮೇಲೆ ಎಡಕ್ಕೂ ಮಾಡಬೇಕು. ಆ ಸಂದಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತಿತ್ತು ಆ ಕಟಾ.

ಕಾಕಾ ಒಂದೊಂದು ಚಲನೆಗೂ ಲೆಕ್ಕ ಕೇಳುತ್ತಿದ್ದರು. “ಈ ಕೈ ಇಲ್ಲಿ ಯಾಕ ಬಂತು, ಹೇಳು? ಸುಮ್ಮನ ಚಂದ ಕಾಣ್ಲಿ ಅಂತ ಬಂತೇನು?” ಒಂದು ಕೈ ಹೊರಗೆ ಹೋಗಿ ಸೊಂಟಕ್ಕೆ ವಾಪಸು ಬರುವುದು ಕರಾಟೆಯಲ್ಲಿ ಎಲ್ಲ ಕಡೆಯೂ ಇದೆ. ಬಹಳ ಮಂದಿ ಅದನ್ನು ಒಂದು ಠೀವಿ ಅಂತ ಮಾಡುತ್ತಾರೆ. ಕಾಕಾ ಬಿಡುತ್ತಿರಲಿಲ್ಲ. “ಸೊಂಟಕ್ಕ ಬರೋ ಕೈ ಖಾಲಿ ಬರಬಾರದು. ನಿಮ್ಮಪ್ಪ ಸಂಜೀಕ ಮನಿಗೆ ಬರೋವಾಗ ಏನರ ಹಿಡಕೊಂಡ ಬರ್ತಾನಲ್ಲ, ಹಂಗ. ಅವನ ಮುಂಗೈ ಹಿಡಕೊಂಡ ಬಾ. ಏನೂ ಸಿಗಲಿಲ್ಲಂದ್ರ ಅಂಗಿ ತೋಳರ ಹಿಡಕೊಂಡ ಬಾ.”

ಕಾಕಾ ತೀರಿಕೊಂಡ ಮೇಲೆ ಅವರ ವಿದ್ಯೆ ಇಬ್ಬರ ಕೈಯಲ್ಲಿ ಉಳಿಯಿತು. ಒಬ್ಬರು ನನಗಿಂತ ಮೊದಲು ಸಂದಿಗೆ ಬಂದಿದ್ದ ಅಣ್ಣ. ನಾಚಾರಂನಲ್ಲಿ ಲೇತ್ ಯಂತ್ರ ಇಟ್ಟುಕೊಂಡು ಸಂಜೆ ಹೊತ್ತು ಶೆಡ್ಡಿನಲ್ಲೇ ಕಲಿಸುತ್ತಿದ್ದರು. ಇನ್ನೊಬ್ಬಳು ನಾನು. ನನಗೆ ಕಲಿಸುವುದೇ ಹೊಟ್ಟೆಪಾಡು. ಬೆಳಿಗ್ಗೆ ಶಾಲೆಗಳು, ಸಂಜೆ ಬಡಾವಣೆಯ ಸಭಾಂಗಣಗಳು. ಸಂದಿಯಲ್ಲಿ ಮಾತ್ರ ಯಾರೂ ಕಲಿಸಲಿಲ್ಲ. ಅಲ್ಲಿ ಕಾಕೂ ಹಪ್ಪಳ ಒಣಗಿಸತೊಡಗಿದರು.

ಹೈಟೆಕ್ ಸಿಟಿಯಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೆ ಒಂದು ಏಳುತ್ತಿದ್ದ ವರ್ಷಗಳವು. ಒಂದು ದಿನ ಅಂಥದೇ ಒಂದು ಕಂಪನಿಯಿಂದ ಫೋನು ಬಂತು. ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ ಕಲಿಸಬೇಕಂತೆ. ನೇಮಕಾತಿ ವಿಭಾಗದ ಯುವಕ ಒಬ್ಬ ಬಲು ಉತ್ಸಾಹದಿಂದ ಜಾಗ ತೋರಿಸಿದ. ನೆಲಕ್ಕೆ ಕಾರ್ಪೆಟ್ಟು, ಒಂದು ಬದಿಗೆ ಇಡೀ ಗಾಜು, ನಡುವೆ ಒಂದು ಕಂಬವೂ ಇಲ್ಲ. ನಮ್ಮ ಸಂದಿಯಂಥ ಎಷ್ಟೋ ಸಂದಿಗಳನ್ನು ಒಳಗೆ ಮಲಗಿಸಬಹುದಿತ್ತು.

“ಕೊನೇ ದಿನ ಹಂಚು ಒಡೆದು ತೋರಿಸ್ತೀರಲ್ಲ ಮೇಡಂ? ಫೋಟೋ ಚೆನ್ನಾಗಿ ಬರ್ತದೆ,” ಅಂದ ಹಿಂದಿಯಲ್ಲಿ.

“ಹಂಚು ಯಾರನ್ನೂ ಎಳೆದುಕೊಂಡು ಹೋಗೋದಿಲ್ಲಪ್ಪ,” ಅಂದೆ ನಾನೂ ಹಿಂದಿಯಲ್ಲಿ. ಅವನು ನಕ್ಕ. ನಾನು ನಗಲಿಲ್ಲ.

ಮೊದಲ ತರಗತಿಗಳು ಸಲೀಸಾಗಿ ನಡೆದವು. ನಿಲ್ಲುವುದು, ಉಸಿರು, ಅಡ್ಡಹೆಜ್ಜೆ. ಹುಡುಗಿಯರು ಕುರ್ಚಿಯಲ್ಲಿ ಕೂತು ಕೂತು ಬಿಗಿದ ಸೊಂಟ ಹಿಡಿದುಕೊಂಡು ತೆಲುಗಿನಲ್ಲಿ ಗೊಣಗುತ್ತಿದ್ದರು. ಅವರಲ್ಲಿ ಒಬ್ಬಳು ಗೊಣಗಿದ್ದು ಕನ್ನಡದಲ್ಲಿ. ರಾಯಚೂರಿನವಳು. ನನ್ನ ಕಿವಿಗೆ ಅದು ಬಿದ್ದದ್ದು ಗೊತ್ತಾದ ಕೂಡಲೆ ‘ಮೇಡಂ’ ಹೋಗಿ ‘ಅಕ್ಕಾರ’ ಆಯಿತು. ಅವಳ ಕೆಲಸ ಟೆಸ್ಟಿಂಗ್.

“ಅಂದ್ರ ಏನವಾ?”

“ಬ್ಯಾರೇದವ್ರು ಬರದಿದ್ದ ಪ್ರೋಗ್ರಾಂ ಎಲ್ಲಿ ಮುರಿತೈತಿ ಅಂತ ಹುಡಕೋದ್ರಿ. ಮುರಿಯೋದಕ್ಕಽ ಪಗಾರ ಕೊಡ್ತಾರ.”

ಆಮೇಲೆ ನೈಹಾಂಚಿಯ ಮೊದಲ ಪ್ರಯೋಗ ಶುರು ಮಾಡಿದೆ. ಪಕ್ಕದಿಂದ ಯಾರೋ ನಿಮ್ಮನ್ನು ಹಿಡಿಯಲು ಕೈ ಚಾಚುತ್ತಾರೆ. ನೀವು ಆ ಕಡೆಗೆ ತೆರೆದ ಕೈ ಕಳಿಸುತ್ತೀರಿ. ಅಂಗೈಯ ಹಿಂಭಾಗ ಅವರ ತೋಳಿಗೆ ತಾಗುತ್ತದೆ. ತಾಗಿದಲ್ಲೇ ಅಂಗೈ ಮಗುಚಿ ಹಿಡಿಯಬೇಕು. ಹಿಡಿದದ್ದನ್ನು ಸೊಂಟಕ್ಕೆ ಎಳೆದುಕೊಳ್ಳುವಾಗ ಇನ್ನೊಂದು ಮೊಣಕೈ ಅವರ ಪಕ್ಕೆಗೆ ಹೋಗುತ್ತದೆ. ಎದುರಾಳಿಯಾಗಿ ಟೆಸ್ಟಿಂಗಿನವಳನ್ನು ಬಲಗಡೆ ನಿಲ್ಲಿಸಿದೆ. ಅವಳು ಕೈ ಚಾಚಿದಳು, ನಾನು ತಾಗಿಸಿದೆ. ತಾಗಿದ್ದೇ ತಡ ಅವಳು ಕೈ ಎಳೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ನನ್ನ ಬಲಗೈ ಗಾಳಿ ಹಿಡಿದುಕೊಂಡು ಸೊಂಟಕ್ಕೆ ಬಂತು.

“ಸರೀಬ್ಯಾಡವಾ,” ಅಂದೆ.

“ಅವನು ಸರೀತಾನಲ್ರಿ?”

ಮತ್ತೆ ಮಾಡಿದೆ. ಮತ್ತೆ ಖಾಲಿ. ಅವಳು ಸುಮ್ಮನಿರದೆ ಎಡಗಡೆಗೆ ಬಂದು ನಿಂತಳು. ಅಲ್ಲಿ ನನ್ನ ಕೈ ಉದ್ದಕ್ಕೆ ಹೋಗಿ ಅವಳ ಮೊಣಕೈ ಮೇಲೆ ಬಿತ್ತು. ಅವಳು ಸರಿದಳು, ನನ್ನ ಹಿಡಿತ ಅವಳ ಮುಂಗೈ ಉದ್ದಕ್ಕೂ ಜಾರಿ ಮಣಿಕಟ್ಟಿನ ಎಲುಬಿಗೆ ಸಿಕ್ಕಿ ನಿಂತಿತು. ಅವಳು ಬಿಡಿಸಿಕೊಳ್ಳಲು ಆಗದೆ ಒಂದು ಸುತ್ತು ತಿರುಗಿದಳು. ಉಳಿದ ಹುಡುಗಿಯರು ಚಪ್ಪಾಳೆ ಹೊಡೆದರು. ಅವಳು ಮಾತ್ರ ಹುಬ್ಬು ಗಂಟು ಹಾಕಿಕೊಂಡಳು.

“ಅಕ್ಕಾರ, ಎಡಕ್ಕ ನಿಮ್ಮ ಕೈ ಪೂರಾ ಹೋಗ್ತೈತಿ. ಬಲಕ್ಕ ಅರ್ಧಕ್ಕ ನಿಂದ್ರತೈತಿ. ಎರಡೂ ಕಡಿ ಒಂದಽ ಪ್ರೋಗ್ರಾಂ ಅಲ್ಲೇನ್ರಿ?”

ಈ ಪ್ರಶ್ನೆಗೆ ನನ್ನ ಬಳಿ ಉತ್ತರ ಸಿದ್ಧವಿತ್ತು. ಬಲಕ್ಕೆ ಗಿಡ್ಡ, ಎಡಕ್ಕೆ ಉದ್ದ. ಅದು ನಮ್ಮ ಪರಂಪರೆಯ ಗುರುತು. ಬೇರೆ ಕರಾಟೆ ಶಾಲೆಯವರು ಎರಡೂ ಕಡೆ ಕೈಯನ್ನು ಸಮ ಚಾಚುವುದನ್ನು ನೋಡಿ ಅಣ್ಣನೂ ನಾನೂ ಒಳಗೊಳಗೇ ನಗುತ್ತಿದ್ದೆವು. ಬಲಗೈ ಹತ್ತಿರದ ಎದುರಾಳಿಗೆ, ಎಡಗೈ ದೂರದವನಿಗೆ ಎಂದು ಅರ್ಥವನ್ನೂ ಕಟ್ಟಿದ್ದೆವು. ಅದನ್ನೇ ಹೇಳಿದೆ. ಹೇಳಿ, ಅವಳನ್ನು ಗಾಜಿನ ಗೋಡೆಗೆ ಬೆನ್ನು ಮಾಡಿ ನನ್ನ ಬಲಕ್ಕೆ ನಿಲ್ಲಿಸಿದೆ. ಈ ಸಲ ಅವಳಿಗೆ ಸರಿಯಲು ಜಾಗವಿರಲಿಲ್ಲ. ಸಿಕ್ಕಿಬಿದ್ದಳು.

“ನೋಡಿದೇನು?” ಅಂದೆ.

ಅವಳು ಮುಂಗೈ ತಿಕ್ಕಿಕೊಳ್ಳುತ್ತ, ಬೇರೆಯವರಿಗೆ ಕೇಳದಷ್ಟು ಸಣ್ಣ ದನಿಯಲ್ಲಿ ಅಂದಳು: “ಅವತ್ತು ನನ್ನ ಹಿಡದಾವನ ಹಿಂದ ಗ್ವಾಡಿ ಇರಲಿಲ್ರಿ ಅಕ್ಕಾರ.”

ಆಗ ತಿಳಿಯಿತು. ಹಿಂದೊಂದು ಸಂಜೆ ಬಸ್ ನಿಲ್ದಾಣದಲ್ಲಿ ಒಬ್ಬ ಇವಳ ತೋಳು ಹಿಡಿದು ಎಳೆದಿದ್ದ. ಜನ ಬಂದರು, ಓಡಿದ. ಅದಾದ ಮೇಲೆ ಇವಳು ಬಸ್ಸು ಬಿಟ್ಟಿದ್ದಳು. ಸಹೋದ್ಯೋಗಿಗಳ ಗಾಡಿ ಸಿಕ್ಕರೆ ಬರುವುದು, ಇಲ್ಲದಿದ್ದರೆ ರಜೆ. ಇಷ್ಟರಲ್ಲೇ ಊರಿಗೆ ವಾಪಸು ಹೋಗಬೇಕು ಅನ್ನುವ ತನಕ ಬಂದಿದ್ದಳು. ಈ ತರಗತಿಗೆ ಬೇಡಿಕೆ ಇಟ್ಟವಳೂ ಅವಳೇ. ಅವಳಿಗೆ ಪರಂಪರೆ ಬೇಕಿರಲಿಲ್ಲ. ಹಿಂದೆ ಗೋಡೆ ಇಲ್ಲದ ಜಾಗದಲ್ಲಿ ಹಿಡಿಯುವ ಕೈ ಬೇಕಿತ್ತು.

ಮರುದಿನ ನಾಚಾರಂಗೆ ಹೋದೆ. ಅಣ್ಣ ಲೇತಿನ ಮುಂದೆ ಬಗ್ಗಿಕೊಂಡಿದ್ದರು. ಶೆಡ್ಡಿನ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಕಾಕಾ ಅವರ ಮಾತು ಬರೆಸಿದ್ದರು: ‘ನನ್ನ ಕೈ ನೋಡಬೇಡಿ, ಕೈ ಮಾಡುವ ಕೆಲಸ ನೋಡಿ.’ ಪೇಂಟರು ಅದರ ಕೆಳಗೆ ಒಂದು ಕಮಲವನ್ನೂ ಬಿಡಿಸಿದ್ದ.

“ಅಣ್ಣಾ, ಬಲಕ್ಕ ನಮ್ಮ ಕೈ ಯಾಕ ಗಿಡ್ಡ ಐತಿ?”

“ಇಷ್ಟು ವರ್ಷಕ್ಕ ಈಗ ಕೇಳಾಕತ್ತೀಯೇನು ತಂಗಿ? ಅದು ಗುಪ್ತ ವಿದ್ಯಾ. ಮೊಣಕೈ ಮಡಚಿದ್ರ ಯಾರಿಗೂ ತಿರುವಾಕ ಬರಂಗಿಲ್ಲ. ಓಕಿನಾವಾದಾಗ ಸುದ್ದಾ ಈಗ ಮರತಿರಬೇಕು.”

“ಕಾಕಾ ಹಂಗ ಹೇಳಿದ್ರೇನು?”

ಅಣ್ಣ ಲೇತ್ ಬಂದ್ ಮಾಡಿದರು. “ಹೇಳಿಲ್ಲ. ಹೇಳಬೇಕಂತ ಏನೈತಿ, ಕಾಣ್ತಿತ್ತಲ್ಲ.”

ಶೆಡ್ಡಿನ ನಡುವೆ ನಾನು ಅವರ ಬಲಕ್ಕೆ ನಿಂತು ಕೈ ಚಾಚಿದೆ, ಟೆಸ್ಟಿಂಗಿನವಳ ಹಾಗೇ ಸರಿದೆ. ಅಣ್ಣನ ಕೈ ಖಾಲಿ ಹೋಯಿತು. ಕೈಗೆ ಎಣ್ಣೆ ಹತ್ತಿದೆ ಅಂದರು. ತೊಳೆದುಕೊಂಡು ಬಂದರು. ಮತ್ತೆ ಖಾಲಿ. ನೆಲದ ಮೇಲೆ ಕಬ್ಬಿಣದ ಪುಡಿ ಇದೆ, ಕಾಲು ನಿಲ್ಲುತ್ತಿಲ್ಲ ಅಂದರು. ಪೊರಕೆ ತಂದು ಗುಡಿಸಿದರು. ಮತ್ತೆ ಖಾಲಿ. ಆಮೇಲೆ ಇಬ್ಬರೂ ಸ್ಟೂಲಿನ ಮೇಲೆ ಕೂತು ಚಹಾ ಕುಡಿದೆವು.

“ಸಂದ್ಯಾಗ ಹಿಂಗ ಆಗ್ತಿರಲಿಲ್ಲ,” ಅಂದರು ಅಣ್ಣ.

ಆಗ ನನಗೆ ತೊಟ್ಟಿ ನೆನಪಾಯಿತು. ಕಾಕಾ ಯಾವಾಗಲೂ ಕಂಪೌಂಡ್ ಗೋಡೆಗೆ ಬೆನ್ನು ಮಾಡಿ ನಮ್ಮನ್ನು ನಿಲ್ಲಿಸುತ್ತಿದ್ದರು. ಹಾಗೆ ನಿಂತರೆ ಬಲಕ್ಕೆ ತೊಟ್ಟಿ, ಎಡಕ್ಕೆ ಗೇಟು. ಬಲಗಡೆಯ ಎದುರಾಳಿಗೆ ಬೆನ್ನಿಗೇ ಸಿಮೆಂಟು, ಸರಿಯಬೇಕೆಂದರೂ ಜಾಗವಿಲ್ಲ. ಎಡಗಡೆಯವನ ಹಿಂದೆ ಇಡೀ ಸಂದಿ, ಗೇಟು, ಬೀದಿ. ಗಿಡ್ಡ ಕೈಗೆ ಬೇಕಾದ ಗೋಡೆಯನ್ನು ಕಾಕಾ ತಾವೇ ಆರಿಸಿ ಇಟ್ಟಿದ್ದರು. ಆದರೆ ಬಲಗೈ ಗಿಡ್ಡ ಯಾಕೆ?

ಅಲ್ಲಿಂದ ಬಸ್ಸು ಹತ್ತಿ ಸೀದಾ ದಿಲ್‌ಸುಖ್‌ನಗರಕ್ಕೆ ಹೋದೆ. ಕೋಚಿಂಗ್ ಸೆಂಟರುಗಳು ಬಿಟ್ಟು ಬೀದಿ ತುಂಬ ಹುಡುಗರು. ಕಾಕೂ ಅಡುಗೆಮನೆಯಲ್ಲಿ ಜೋಳದ ಹಿಟ್ಟು ಸಾಣಿಸುತ್ತ ಕೂತಿದ್ದರು.

“ಬಾ ಒಳಗ. ಊಟ ಮಾಡೇ ಹೋಗಬೇಕು ಮತ್ತ.”

“ಕಾಕೂ, ಕಾಕಾಗ ಬಲಗೈ ಪೂರಾ ಚಾಚಾಕ ಬರ್ತಿರಲಿಲ್ಲೇನ್ರಿ?”

ಕಾಕೂ ಸಾಣಿಗೆ ನಿಲ್ಲಿಸಿದರು. ನನ್ನನ್ನೇ ನೋಡಿದರು. ಆಮೇಲೆ ನಗಲು ಶುರು ಮಾಡಿದವರು, ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡು ಮುಖವೆಲ್ಲ ಬೆಳ್ಳಗೆ ಮಾಡಿಕೊಂಡರು.

“ನಿಮಗ ಗೊತ್ತಿಲ್ಲೇನು? ಅಷ್ಟು ವರ್ಷ ಎದುರಿಗೇ ನಿಂತಿದ್ರಲ್ಲ.”

“ಅದು ಕರಾಟೆ ಅಂತ ತಿಳಕೊಂಡಿದ್ವಿರಿ.”

“ಅದು ಕರಾಟೆ ಅಲ್ಲವಾ. ಅದು ಈ ಡಬ್ಬಿ.” ಪಕ್ಕದಲ್ಲಿದ್ದ ದೊಡ್ಡ ಸ್ಟೀಲಿನ ಹಿಟ್ಟಿನ ಡಬ್ಬಿಯನ್ನು ತಟ್ಟಿದರು. ಅದರ ಹೊಟ್ಟೆಗೆ ಒಂದು ತಗ್ಗು ಬಿದ್ದಿತ್ತು. “ಮನಿ ಹೂಡಿದ ಹೊಸದಾಗಿ ಸುಲ್ತಾನ್ ಬಜಾರಕ್ಕ ಹೋಗಿದ್ವಿ. ಈ ಡಬ್ಬಿ ನನ್ನ ಮನಸಿಗೆ ಬಂತು. ಹೆಗಲ ಮ್ಯಾಲ ಇಟಗೊಂಡು ಬಸ್ ಹತ್ತಾಕ ಹೋದ್ರು. ಬಸ್ ಹೊಂಟಬಿಡ್ತು. ಡಬ್ಬಿ ಕೈ ಬಿಡ್ರಿ, ಕೈ ಬಿಡ್ರಿ ಅಂತ ನಾ ಒದರಾಕತ್ತೀನಿ, ಬಿಡಲಿಲ್ಲ ನೋಡು ಪುಣ್ಯಾತ್ಮ. ಡಬ್ಬಿ ಅಪ್ಪಿಕೊಂಡಽ ಬಿದ್ರು. ಎಲುಬು ಕೂಡಸಾವ ಒಬ್ಬಾವ ಪಟ್ಟಿ ಕಟ್ಟಿದ. ಮೊಣಕೈ ಸೊಟ್ಟ ಕೂಡಿಬಿಡ್ತು. ಡಬ್ಬಿಗೆ ತಗ್ಗು, ಅವರಿಗೆ ಸೊಟ್ಟಗೈ. ಎರಡೂ ಹಂಗಽ ನಡದ್ವು.”

“ನಮಗ ಹೇಳಬೇಕಿತ್ತಲ್ರಿ ಅವರು.”

“ಹೇಳ್ತಿದ್ರಲ್ಲ. ದಿನಾ ಈ ಕಿಟಕ್ಯಾಗ ಕೇಳ್ತಿದ್ದೆ. ನನ್ನ ಕೈ ನೋಡಬ್ಯಾಡ್ರಿ, ಕೈ ಮಾಡೋ ಕೆಲಸ ನೋಡ್ರಿ ಅಂತಿದ್ರು.”

ನಾನು ಅಣ್ಣನ ಶೆಡ್ಡಿನ ಗೋಡೆಯನ್ನೂ ಕಮಲವನ್ನೂ ನೆನೆದುಕೊಂಡು ತಲೆ ಹಿಡಿದುಕೊಂಡೆ. ಕಾಕೂ ರೊಟ್ಟಿ ಬಡಿಯಲು ಎದ್ದರು.

ಊಟದ ಮೇಲೆ ಸಂದಿಗೆ ಹೋಗಿ ಸ್ವಲ್ಪ ಹೊತ್ತು ನಿಂತೆ. ಗೋಡೆಯ ಮೇಲೆ ನಮ್ಮ ಭುಜಗಳು ಉಜ್ಜಿ ಸುಣ್ಣ ಹೋದ ಗೆರೆ ಇನ್ನೂ ಇತ್ತು. ತೀರ್ಮಾನ ಕಷ್ಟದ್ದೇನಲ್ಲ ಎಂದು ಯಾರಿಗಾದರೂ ಅನ್ನಿಸಬಹುದು: ಮುರಿದ ಕೈಯನ್ನು ವಿದ್ಯೆ ಎಂದು ಕಲಿಸಬಾರದು. ಅಷ್ಟು ನನಗೂ ಗೊತ್ತಿತ್ತು. ಆದರೆ ಕಾಕಾ ಅವರ ದನಿ ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ. ಫೋಟೋದಲ್ಲಿ ಅವರು ಕಾರ್ಖಾನೆಯ ಗುಂಪಿನ ಹಿಂದಿನ ಸಾಲಿನಲ್ಲಿ ಅರ್ಧ ಮುಖವಾಗಿ ನಿಂತಿದ್ದಾರೆ. ಅವರು ಬಲಕ್ಕೆ ತಿರುಗಿ ಕೈ ಎತ್ತಿದರೆ ಹೇಗಿರುತ್ತಿತ್ತು ಅನ್ನುವುದು ಉಳಿದಿರುವುದು ಅಣ್ಣನ ಮೈಯಲ್ಲಿ, ನನ್ನ ಮೈಯಲ್ಲಿ ಮಾತ್ರ. ನಾನು ಕೈ ನೇರ ಮಾಡಿ ಕಲಿಸಿದರೆ ಮುಂದಿನವರ ಮೈಯಲ್ಲಿ ಅವರು ಇರುವುದಿಲ್ಲ. ಮಾಡದಿದ್ದರೆ ರಾಯಚೂರಿನ ಹುಡುಗಿಯ ಕೈ ಬಸ್ ನಿಲ್ದಾಣದಲ್ಲಿ ಖಾಲಿ ಬರುತ್ತದೆ. ಕಾಕಾ ಯಾವುದನ್ನು ಸಹಿಸುತ್ತಿರಲಿಲ್ಲ ಎಂದು ಯೋಚಿಸಿದಾಗ ಉತ್ತರ ಒಂದೇ ಇತ್ತು.

ತೀರ್ಮಾನಿಸಿದ್ದಕ್ಕಿಂತ ಮಾಡಿದ್ದೇ ಕಷ್ಟವಾಯಿತು. ನಮ್ಮ ಮಾಳಿಗೆಯ ಬಟ್ಟೆ ಒಣಗಿಸುವ ತಂತಿಗೆ ಒಂದು ಕರವಸ್ತ್ರ ಕಟ್ಟಿದೆ, ತೋಳು ಪೂರ್ತಿ ಚಾಚಿದರೆ ಮಾತ್ರ ಸಿಗುವಷ್ಟು ದೂರಕ್ಕೆ. ಬೆಳಿಗ್ಗೆ ಎದ್ದು ಅಡ್ಡಹೆಜ್ಜೆ ಇಟ್ಟು ಬಲಗೈ ಕಳಿಸುವುದು. ನಿಧಾನ ಮಾಡಿದರೆ ತಾಗುತ್ತಿತ್ತು. ವೇಗ ಹೆಚ್ಚಿಸಿದ ಕೂಡಲೆ ಮೊಣಕೈ ತಾನಾಗಿ ಮಡಚಿಕೊಂಡು ಅರ್ಧ ದಾರಿಯಲ್ಲಿ ನಿಂತುಬಿಡುತ್ತಿತ್ತು, ಮನೆಯ ಬಾಗಿಲಿಗೆ ಬಂದ ಎತ್ತಿನ ಹಾಗೆ. ಒಮ್ಮೆ ಸಿಟ್ಟಿಗೆದ್ದು ಜೋರಾಗಿ ಕಳಿಸಿ ಮೊಣಕೈ ಉಳುಕಿಸಿಕೊಂಡೆ. ಶಾಲೆಯ ಮಕ್ಕಳಿಗೆ ಕೆಲವು ದಿನ ಎಡಗೈಯಲ್ಲೇ ಕಲಿಸಿದೆ. ಕೊನೆಗೆ ಉಪಾಯ ಸಿಕ್ಕಿದ್ದು ಕಣ್ಣು ಬದಲಿಸಿದ್ದರಿಂದ. ಕೈಯನ್ನು ನೋಡುವುದು ಬಿಟ್ಟು ಕರವಸ್ತ್ರವನ್ನು ಮಾತ್ರ ನೋಡಿದೆ. ಅದನ್ನು ಹಿಡಿದು ತರಬೇಕು, ಅಷ್ಟೇ. ಕೈ ಹೋಗಿ ಕಿತ್ತುಕೊಂಡು ಬಂತು. ತಂತಿಯೂ ಸಡಿಲಾಯಿತು.

ಗಾಜಿನ ಕಟ್ಟಡದಲ್ಲಿ ಹುಡುಗಿಯರನ್ನು ಕೂಡಿಸಿ, ಬಲಗಡೆಯ ಪಾಠ ಮೊದಲಿನಿಂದ ಶುರು ಎಂದೆ. ಹಿಡಿಯಬೇಕಾದ್ದು ಮೊಣಕೈಯ ಮೇಲೆ. ಎದುರಾಳಿ ಹಿಂದಕ್ಕೆ ಎಳೆದುಕೊಂಡರೆ ಹಿಡಿತಕ್ಕೆ ಜಾರಲು ಇಡೀ ಮುಂಗೈ ಇರುತ್ತದೆ, ಮಣಿಕಟ್ಟಿನಲ್ಲಿ ಬಂದು ನಿಲ್ಲುತ್ತದೆ. ಗಿಡ್ಡ ಕೈ ಮಣಿಕಟ್ಟಿನಿಂದಲೇ ಶುರುವಾಗುತ್ತದೆ. ಅಲ್ಲಿಂದ ಜಾರಿದರೆ ಉಳಿಯುವುದು ಗಾಳಿ.

“ಹಳೇ ವರ್ಶನ್ ಹೋತೇನ್ರಿ ಅಕ್ಕಾರ?”

“ಹೋತವಾ.”

“ಯಾರು ಬರದಿದ್ರು ಅದನ್ನ?”

“ಒಂದು ಹಿಟ್ಟಿನ ಡಬ್ಬಿ,” ಅಂದೆ. ಅವಳು ನನ್ನ ಮುಖ ನೋಡಿ ತನ್ನ ಜಾಗಕ್ಕೆ ಬಂದು ನಿಂತಳು.

ಈ ಸಲ ನಾನು ಎದುರಾಳಿ. ಕೋಣೆಯ ನಟ್ಟನಡುವೆ, ಯಾವ ಗೋಡೆಯೂ ಹತ್ತಿರವಿಲ್ಲದ ಕಡೆ ಅವಳ ಬಲಕ್ಕೆ ನಿಂತೆ. ಮೊದಮೊದಲು ತಪ್ಪಿಸಿಕೊಂಡೆ. ಅವಳು ಹಿಡಿಯುವ ಮುಂಚೆಯೇ ಎಳೆಯುತ್ತಿದ್ದಳು. ಮೊದಲು ಅಂಗೈ ಮಗುಚು, ಆಮೇಲೆ ಮನೆಗೆ ತಾ ಎಂದು ಹೇಳಿಕೊಟ್ಟೆ. ಒಂದು ವಾರ ಹಾಗೇ ಹೋಯಿತು. ಆಮೇಲೊಂದು ಸಂಜೆ ನಾನು ಕೈ ಚಾಚಿದೆ, ಅವಳ ಕೈ ನನ್ನ ಮೊಣಕೈ ಮೇಲೆ ಬಿತ್ತು. ನಾನು ಮೈಯ ಭಾರವನ್ನೆಲ್ಲ ಹಾಕಿ ಹಿಂದಕ್ಕೆ ಎಳೆದೆ. ಅವಳ ಬೆರಳುಗಳು ಜಾರಿ ಬಂದು ಮಣಿಕಟ್ಟಿನಲ್ಲಿ ಕಚ್ಚಿಕೊಂಡವು. ಕಾರ್ಪೆಟ್ಟಿನ ಮೇಲೆ ಇಬ್ಬರೂ ಜಾರಿದೆವು. ಅವಳು ಬಿಡಲಿಲ್ಲ. ನನ್ನ ಕೈಯನ್ನು ಸೊಂಟಕ್ಕೆ ತಂದು ಒತ್ತಿ ಹಿಡಿದು, ಇನ್ನೊಂದು ಮೊಣಕೈಯನ್ನು ನನ್ನ ಪಕ್ಕೆಗೆ ತಾಗಿಸಿ ನಿಂತಳು. ಉಸಿರು ಜೋರಾಗಿತ್ತು.

“ಸಾಕವಾ, ಬಿಡು.”

“ಸ್ವಲ್ಪ ತಡೀರಿ ಅಕ್ಕಾರ. ಹಿಡಕೊಂಡು ನೋಡ್ತೀನಿ.”

ಅವಳಿಗೆ ಸಾಕಾಗುವ ತನಕ ನಾನೂ ನಿಂತೆ. ಮುಂದಿನ ವಾರ ತರಗತಿಗೆ ತಡವಾಗಿ ಬಂದು, ಬಸ್ ಸಿಗಲಿಲ್ಲ ಅಂದಳು. ಬೈಯಬೇಕಾದ ನಾನು ನಕ್ಕುಬಿಟ್ಟೆ.

ತರಗತಿ ಮುಗಿದ ಮೇಲೆ ಕಾಕೂ ಹತ್ತಿರ ಹೋದೆ, ಕಾಲು ಕಿಲೋ ಕಲಾಕಂದ ಹಿಡಿದುಕೊಂಡು. ಅಣ್ಣನೂ ಕೈ ನೇರ ಮಾಡಿಕೊಂಡಿದ್ದಾರೆ, ಆದರೆ ಗೋಡೆಯ ಬರಹ ಅಳಿಸುವುದಿಲ್ಲ ಅನ್ನುತ್ತಾರೆ ಎಂದು ಹೇಳಿದೆ. “ಇರ್ಲಿ ಬಿಡು, ಈಗರ ಅರ್ಥ ಆತಲ್ಲ,” ಅಂದರು ಕಾಕೂ. ಆಮೇಲೆ ಹಪ್ಪಳದ ಹಾಸು ಸುತ್ತಿಟ್ಟು ತಾವೇ ಸಂದಿಯಲ್ಲಿ ಒಂದು ಮಣೆ ಹಾಕಿಕೊಂಡು ಕೂತರು. ಅಷ್ಟು ವರ್ಷದಲ್ಲಿ ಅವರು ಕಿಟಕಿ ದಾಟಿ ಬಂದು ನೋಡಿದ್ದೇ ಇಲ್ಲ.

“ತೋರಸು, ಏನು ಹೊಸಾದು ಕಲಿಸಿದಿ.”

ಕಂಪೌಂಡ್ ಗೋಡೆಗೆ ಬೆನ್ನು ಮಾಡಿ ನಿಂತೆ. ಬಲಕ್ಕೆ ಹೆಜ್ಜೆ, ಬಲಗೈ ನೇರ ಹೋಗಿ ತೊಟ್ಟಿಯ ಅಂಚಿಗೆ ತಾಗಿತು. ಎಡಕ್ಕೂ ಹಾಗೇ ಮಾಡಿ ಮುಗಿಸಿದೆ. ಕಾಕೂ ತಲೆ ಆಡಿಸಿದರು.

“ಛಲೋ ಐತಿ. ಈಗ ಅವರದು ಮಾಡು.”

ನಾನು ಮತ್ತೆ ಮೊದಲಿನ ಜಾಗಕ್ಕೆ ಬಂದೆ. ಅಷ್ಟು ದಿನ ತಂತಿಗೆ ಕರವಸ್ತ್ರ ಕಟ್ಟಿ ಓಡಿಸಿದ್ದ ಗಿಡ್ಡ ಕೈ ಯಾರಾದರೂ ಕರೆಯಲಿ ಎಂದೇ ಕಾದು ನಿಂತಿತ್ತೇನೋ. ಬಲಕ್ಕೆ ಹೆಜ್ಜೆ ಇಟ್ಟ ಕೂಡಲೆ ಮೊಣಕೈ ಮಡಚಿ, ಕೈ ತೊಟ್ಟಿಗೆ ತುಸು ಈಚೆ ನಿಂತಿತು. ಹಾಗೇ ಹಿಡಿದೆ.

ಕಾಕೂ ಮಣೆಯಿಂದ ಎದ್ದು ಬಂದರು. ನನ್ನ ಮೊಣಕೈಯ ಒಳಬದಿಗೆ ಹೆಬ್ಬೆರಳು ಇಟ್ಟು, ಎಣ್ಣೆ ತಿಕ್ಕುವವರ ಹಾಗೆ ಮೆಲ್ಲಗೆ ಒತ್ತಿದರು.

“ಇಲ್ಲೇ ನೋಡು. ಥಂಡಿ ದಿನದಾಗ ಇಲ್ಲೇ ನೋಯ್ತಿತ್ತು ಅವರಿಗೆ.”

ಹೊರಗೆ ಬೀದಿಯಲ್ಲಿ ಆಟೋದವನು ಯಾರನ್ನೋ ಕೂಗುತ್ತಿದ್ದ. ಕಾಕೂ ಒತ್ತುತ್ತಲೇ ಇದ್ದರು. ಅವರು ಕೈ ತೆಗೆಯುವ ತನಕ ನಾನು ಮೊಣಕೈ ನೇರ ಮಾಡಲಿಲ್ಲ.